ಬೆಂಗಳೂರಿನಲ್ಲಿ 1791ರ ಕೋಟೆಯ ಕುರುಹುಗಳನ್ನು ಹುಡುಕುವ ಬಗೆ

ಕೃಷ್ಣರಾಜೇಂದ್ರ ಮಾರುಕಟ್ಟೆಯ ಗದ್ದಲದ ನಡುವೆ ಕಪ್ಪುಗಟ್ಟಿದ ಒಂದು ತುಂಡು ಕಲ್ಲುಗೋಡೆ, ಒಂದು ಹೆಬ್ಬಾಗಿಲು. ಬೆಂಗಳೂರು ಕೋಟೆ ಅಂದರೆ ಇಷ್ಟೇ ಎಂದು ನೋಡಿ ಮುಂದೆ ಹೋಗುವವರೇ ಹೆಚ್ಚು. ಆದರೆ ಇದು ದೆಹಲಿ ಬಾಗಿಲು, ಅಂದರೆ ಕೋಟೆಯ ಉತ್ತರದ ತುದಿ ಮಾತ್ರ. ಉಳಿದ ಕೋಟೆ ಇಲ್ಲಿಂದ ದಕ್ಷಿಣಕ್ಕೆ ಚಾಮರಾಜಪೇಟೆಯ ಮಕ್ಕಳ ಕೂಟದ ತನಕ ಹಬ್ಬಿತ್ತು. ಗೋಡೆ ಹೋದರೂ ಅದು ಬಿಟ್ಟುಹೋದ ಗುರುತುಗಳು ಹೋಗಿಲ್ಲ: ರಸ್ತೆಯ ತಿರುವಿನಲ್ಲಿ, ನೆಲದ ತಗ್ಗಿನಲ್ಲಿ, ಊರಿನವರ ಬಾಯಲ್ಲಿ ಉಳಿದ ಹೆಸರಿನಲ್ಲಿ, ಬೇರೆ ಕಟ್ಟಡಕ್ಕೆ ಸೇರಿದ ಕಲ್ಲಿನಲ್ಲಿ ಅವು ಸಿಗುತ್ತವೆ. ಅವನ್ನು ಹುಡುಕಲು ಒಂದು ಸಂಜೆ ಮನೆಯಲ್ಲಿ ಕೂತು ಮಾಡುವ ಕೆಲಸ, ಎರಡು ಮೂರು ಬೆಳಗಿನ ನಡಿಗೆ, ಮತ್ತು ಕಂಡಿದ್ದನ್ನೆಲ್ಲ ಕೋಟೆ ಎನ್ನದಿರುವ ಸಂಯಮ ಬೇಕು.

ಮೊದಲು, ಯಾವ ಗೋಡೆ?

ಬೆಂಗಳೂರಿಗೆ ಇದ್ದದ್ದು ಒಂದು ಕೋಟೆಯಲ್ಲ, ಎರಡು. ಉತ್ತರಕ್ಕೆ ಪೇಟೆ. ಅದರ ಸುತ್ತ ಮಣ್ಣಿನ ಗೋಡೆ, ಅಗಳು (ಕಂದಕ), ಅದರಾಚೆ ಮುಳ್ಳುಪೊದೆಯ ದಟ್ಟ ಬೇಲಿ. ಪೇಟೆಯ ದಕ್ಷಿಣಕ್ಕೆ ಹೆಚ್ಚುಕಮ್ಮಿ ಮೊಟ್ಟೆಯಾಕಾರದ ಕಲ್ಲಿನ ಕೋಟೆ. ಅದಕ್ಕೆ ದುಂಡು ಕೊತ್ತಲಗಳು, ಉತ್ತರಕ್ಕೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು. ಇವೆರಡನ್ನು ಬೆರೆಸಿದರೆ ಹುಡುಕಾಟ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಕೆಂಪೇಗೌಡರ ನಾಲ್ಕು ಗೋಪುರಗಳನ್ನು (ಲಾಲ್‌ಬಾಗ್ ಬಂಡೆ, ಹಲಸೂರು ಕೆರೆ, ಕೆಂಪಾಂಬುಧಿ, ಮೇಖ್ರಿ ವೃತ್ತ) ಕೆಲವರು ಕೋಟೆಯ ಮೂಲೆಗಳೆಂದುಕೊಳ್ಳುತ್ತಾರೆ. ಅವುಗಳನ್ನು ಕೂಡಿಸುವ ಗೋಡೆ ಇರಲೇ ಇಲ್ಲ. ಅವನ್ನು ಈ ಲೆಕ್ಕದಿಂದ ಕೈಬಿಡಿ.

ಕಾಲದ ಪದರಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. 1537ರಲ್ಲಿ ಕೆಂಪೇಗೌಡರ ಮಣ್ಣಿನ ಕೋಟೆ. 17ನೇ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರ ಕಾಲದ ವಿಸ್ತರಣೆ. 1761ರಲ್ಲಿ ಹೈದರಾಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. ಮೂರನೇ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ 1791ರ ಮಾರ್ಚ್ 7ರಂದು ಪೇಟೆಯನ್ನು, ಮಾರ್ಚ್ 21ರ ರಾತ್ರಿ ಕೋಟೆಯನ್ನು ಹಿಡಿಯಿತು. ಕೋಟೆಯ ಹೊಣೆ ಹೊತ್ತ ಕಿಲ್ಲೇದಾರ ಬಹಾದ್ದೂರ್ ಖಾನ್ ಆ ರಾತ್ರಿ ಕಾದಾಡುತ್ತ ಸತ್ತ. ಗೆದ್ದವರು ಕೋಟೆಯನ್ನು ದುರಸ್ತಿ ಮಾಡಿ ಇಟ್ಟುಕೊಂಡರು. 1792ರ ಒಪ್ಪಂದದ ನಂತರ ಅದನ್ನು ಮರಳಿ ಪಡೆದ ಟಿಪ್ಪು, ಶತ್ರುವಿಗೆ ಮತ್ತೆ ಉಪಯೋಗಕ್ಕೆ ಬಾರದಂತೆ ಭಾಗಶಃ ಕೆಡವಿಸಿದ. ಆಮೇಲೆ ದಿವಾನ್ ಪೂರ್ಣಯ್ಯನವರು ಮತ್ತೆ ಕಟ್ಟಿಸಿದರು. 1888ರ ತನಕ ಅಲ್ಲಿ ಬ್ರಿಟಿಷರ ಶಸ್ತ್ರಾಗಾರವಿತ್ತು. ಅಲ್ಲಿಂದ ಮುಂದೆ ರಸ್ತೆ, ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳಿಗಾಗಿ ಗೋಡೆ ತುಂಡು ತುಂಡಾಗಿ ಕರಗಿತು.

ಈ ಪಟ್ಟಿ ಯಾಕೆ ಬೇಕು ಎನ್ನುವುದು ಗೋಡೆಯ ಮುಂದೆ ನಿಂತಾಗ ತಿಳಿಯುತ್ತದೆ. ದೆಹಲಿ ಬಾಗಿಲ ಹತ್ತಿರ ಹೊರಗೋಡೆಯ ಮೇಲೆ ಇಂಗ್ಲಿಷಿನ ಒಂದು ಫಲಕವಿದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಲಗ್ಗೆಯಿಟ್ಟದ್ದು ಇದೇ ಕಂಡಿಯ ಮೂಲಕ ಎಂದು ಅದು ಹೇಳುತ್ತದೆ. ಆದರೆ ಕಣ್ಣೆದುರು ಕಂಡಿಯೇ ಇಲ್ಲ, ಇಡೀ ಗೋಡೆ ನಿಂತಿದೆ. ಅಂದರೆ ಫಲಕ ಕೂತಿರುವ ಕಲ್ಲುಗಳು ಯುದ್ಧವನ್ನು ನೋಡಿದವಲ್ಲ, ಯುದ್ಧದ ನಂತರ ಬಂದು ಕೂತವು.

ನಕ್ಷೆಯ ಮೇಲೆ ನಕ್ಷೆ

ಮುತ್ತಿಗೆಯ ವೇಳೆ ಸೇನೆಯ ಜೊತೆಗಿದ್ದ ಕ್ಲಾಡ್ ಮಾರ್ಟಿನ್ ತಯಾರಿಸಿದ 1791ರ ನಕ್ಷೆ ಈ ಕೆಲಸದ ಬೆನ್ನೆಲುಬು. ಪೇಟೆ, ಕೋಟೆ, ಕೆರೆಗಳು, ದಾಳಿಯ ಜಾಗಗಳು ಎಲ್ಲವೂ ಅದರಲ್ಲಿವೆ. ಅಂತರ್ಜಾಲದಲ್ಲಿ ದೊಡ್ಡ ಗಾತ್ರದ ಪ್ರತಿ ಸಿಗುತ್ತದೆ. ಸಿಕ್ಕಿದ್ದರಲ್ಲಿ ಅತಿ ದೊಡ್ಡದನ್ನೇ ಇಳಿಸಿಕೊಳ್ಳಿ. ಸಣ್ಣ ಪ್ರತಿಯಲ್ಲಿ ಒಂದು ಗೆರೆಯ ದಪ್ಪವೇ ಹತ್ತು ಮೀಟರ್ ಆಗಿಬಿಡುತ್ತದೆ. ಅದೇ ಸೇನೆಯೊಂದಿಗೆ ಬಂದ ರಾಬರ್ಟ್ ಹೋಮ್, ಜೇಮ್ಸ್ ಹಂಟರ್ ಬರೆದ ಚಿತ್ರಗಳನ್ನೂ ಪಕ್ಕಕ್ಕಿಟ್ಟುಕೊಳ್ಳಿ. ಗೋಡೆಯ ಎತ್ತರ, ಬಾಗಿಲ ಮುಂದಿನ ನೆಲ ಹೇಗಿತ್ತು ಎನ್ನುವುದಕ್ಕೆ ಅವು ನೆರವಾಗುತ್ತವೆ. ಅಳತೆಗೆ ಮಾತ್ರ ಅವನ್ನು ನಂಬಬೇಡಿ.

ಇನ್ನು ಕಂಪ್ಯೂಟರಿನಲ್ಲಿ. ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ ಹಾಕಿಕೊಂಡು, ಯೋಜನೆಯ ನಿರ್ದೇಶಾಂಕ ವ್ಯವಸ್ಥೆಯನ್ನು (ಜಾಗಗಳನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮ) ಇಪಿಎಸ್‌ಜಿ 32643 ಎಂಬ ಸಂಕೇತಕ್ಕೆ ಹೊಂದಿಸಿ. ಭೂಮಿಯನ್ನು ಅಳತೆಗಾಗಿ ಹಂಚಿದ ಯುಟಿಎಂ ವಲಯಗಳಲ್ಲಿ ಬೆಂಗಳೂರು ಬೀಳುವುದು 43 ಉತ್ತರದಲ್ಲಿ, ಹೀಗೆ ಮಾಡಿದರೆ ಅಳತೆಯೆಲ್ಲ ನೇರ ಮೀಟರಿನಲ್ಲಿ ಬರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಪದರ ತೆರೆಯಿರಿ. ಹಳೆಯ ನಕ್ಷೆಯನ್ನು ಇಂದಿನದರ ಮೇಲೆ ಕೂರಿಸುವ ಸಾಧನ ಜಿಯೋರೆಫರೆನ್ಸರ್ ಈಗಿನ ಆವೃತ್ತಿಗಳಲ್ಲಿ ಲೇಯರ್ ಮೆನುವಿನಲ್ಲಿದೆ, ಹಳೆಯವುಗಳಲ್ಲಿ ರಾಸ್ಟರ್ ಮೆನುವಿನಲ್ಲಿತ್ತು. ಅದರಲ್ಲಿ ಹಳೆಯ ನಕ್ಷೆಯನ್ನು ತೆರೆದು, ಅಂದೂ ಇಂದೂ ಒಂದೇ ಕಡೆ ಇರುವ ಆರರಿಂದ ಎಂಟು ಜಾಗಗಳನ್ನು ಜೋಡಿಸಿ. ಮೊದಲನೆಯದು ದೆಹಲಿ ಬಾಗಿಲು. ಎರಡನೆಯದು 1689ರ ಕೋಟೆ ವೆಂಕಟರಮಣ ದೇವಸ್ಥಾನ, ನಕ್ಷೆಯಲ್ಲಿ ಅದು ಸ್ಪಷ್ಟವಾಗಿದ್ದರೆ. ಪೇಟೆಯ ಒಳಗೆ ದೊಡ್ಡಪೇಟೆಯೂ ಚಿಕ್ಕಪೇಟೆಯೂ ಸೇರುವ ಚೌಕ ಒಳ್ಳೆಯ ಬಿಂದು. ಈಗಿನ ಅವೆನ್ಯೂ ರಸ್ತೆಯೇ ಆಗಿನ ದೊಡ್ಡಪೇಟೆ. ಬೀದಿಗಳು ಅಗಲವಾದರೂ ಅವುಗಳ ಕೂಡುಜಾಗ ಸುಲಭಕ್ಕೆ ಸರಿಯುವುದಿಲ್ಲ. ಬಿಂದುಗಳೆಲ್ಲ ಒಂದೇ ಕಡೆ ಗುಂಪಾದರೆ ನಕ್ಷೆಯ ಇನ್ನೊಂದು ತುದಿ ಬಾವುಟದ ಹಾಗೆ ಅಲ್ಲಾಡುತ್ತದೆ. ಆದ್ದರಿಂದ ನಾಲ್ಕೂ ದಿಕ್ಕಿಗೆ ಹರಡಿ.

ಹೆಚ್ಚಿನವರು ಎಡವುವುದು ಈ ಹಂತದಲ್ಲೇ. ತಿನ್ ಪ್ಲೇಟ್ ಸ್ಪ್ಲೈನ್ ಎಂಬ ವಿಧಾನ ಆರಿಸಿದರೆ ನಕ್ಷೆ ಎಲ್ಲ ಬಿಂದುಗಳ ಮೇಲೂ ಕರಾರುವಾಕ್ಕಾಗಿ ಕೂತುಬಿಡುತ್ತದೆ, ತಪ್ಪು ಸೊನ್ನೆ ಎಂದೂ ತೋರಿಸುತ್ತದೆ. ಅದು ಬರೀ ಕಣ್ಕಟ್ಟು. ಒಂದು ಬಿಂದುವನ್ನು ತಪ್ಪು ಗುಡಿಗೆ ಅಂಟಿಸಿದ್ದರೂ ನಕ್ಷೆಯನ್ನು ಅಲ್ಲಿಗೆ ಎಳೆದು ಬಗ್ಗಿಸುತ್ತದೆಯೇ ಹೊರತು ನಿಮಗೆ ಹೇಳುವುದಿಲ್ಲ. ಅದಕ್ಕೇ ಮೊದಲು, ನಕ್ಷೆಯನ್ನು ಅಲ್ಲಲ್ಲಿ ಬಗ್ಗಿಸದ ಪಾಲಿನೋಮಿಯಲ್ 1 ವಿಧಾನ ಆರಿಸಿ. ಪ್ರತಿ ಬಿಂದುವಿನ ಎದುರು ಬರುವ ಉಳಿಕೆ ತಪ್ಪನ್ನು ನೋಡಿ, ಒಂದೇ ಒಂದು ಬಿಂದು ಮಿಕ್ಕವುಗಳಿಗಿಂತ ಬಹಳ ಆಚೆ ಇದ್ದರೆ ಅದನ್ನೇ ಅನುಮಾನಿಸಿ. ಎರಡು ಜಾಗಗಳನ್ನು ಬೇಕೆಂದೇ ಜೋಡಿಸದೆ ಬಿಟ್ಟು, ಕೊನೆಗೆ ಅವು ಎಷ್ಟು ದೂರ ಬಿದ್ದಿವೆ ಎಂದು ಅಳೆಯಿರಿ. ನಿಮ್ಮ ನಿಜವಾದ ತಪ್ಪು ಅಷ್ಟು. ಅದು 25 ಮೀಟರ್ ಬಂತು ಅನ್ನಿ, ಕೋಟೆ ಗೋಡೆಯ ಗೆರೆಯ ಎರಡೂ ಬದಿಗೆ 25 ಮೀಟರ್ ಬಫರ್, ಅಂದರೆ ಅಂಚುಪಟ್ಟಿ ಹಾಕಿ. ಬೀದಿಗಿಳಿದು ಹುಡುಕಬೇಕಾದದ್ದು ಆ 50 ಮೀಟರ್ ಅಗಲದ ಪಟ್ಟಿಯನ್ನು, ಗೆರೆಯನ್ನಲ್ಲ.

ಕೂತ ನಕ್ಷೆಯನ್ನು ಕೆರೆಗಳಿಂದ ತಾಳೆ ನೋಡಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣದ ಮೇಲೆ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣದ ಮೇಲೆ, ಸಿದ್ದಿಕಟ್ಟೆ ಕೆ.ಆರ್. ಮಾರುಕಟ್ಟೆಯ ಮೇಲೆ ಬೀಳಬೇಕು. ಬೀಳದಿದ್ದರೆ ಇನ್ನೊಮ್ಮೆ ಕೂರಿಸಿ.

ಹೆಸರು ಹೇಳುವ ಸುಳಿವು, ಹೆಸರು ಮಾಡುವ ಮೋಸ

ಪೇಟೆಯ ಮಣ್ಣಿನ ಗೋಡೆ ನೆಲದ ಮೇಲೆ ಉಳಿದಿಲ್ಲ. ಅದನ್ನು ಹುಡುಕುವುದು ಹೆಸರುಗಳಲ್ಲೇ. ಹಲಸೂರು ಗೇಟ್ ಪೊಲೀಸ್ ಠಾಣೆ ಹಲಸೂರಿನಲ್ಲಿಲ್ಲ, ಪೇಟೆಯ ಅಂಚಿನಲ್ಲಿದೆ. ಬಾಗಿಲು ಯಾವ ಊರಿನ ದಾರಿಗೆ ತೆರೆಯುತ್ತಿತ್ತೋ ಆ ಊರಿನ ಹೆಸರು ಅದಕ್ಕೆ. ಯಲಹಂಕ, ಕೆಂಗೇರಿ, ಆನೇಕಲ್ ಬಾಗಿಲುಗಳಿಗೂ ಇದೇ ನಿಯಮ. ಯಲಹಂಕ ಬಾಗಿಲಿನ ಜಾಗ ಈಗಿನ ಮೈಸೂರು ಬ್ಯಾಂಕ್ ವೃತ್ತದ ಆಸುಪಾಸು. 1791ರ ಮಾರ್ಚ್ 7ರಂದು ಪೇಟೆಗೆ ನುಗ್ಗುವಾಗ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಸತ್ತದ್ದು ಪೇಟೆಯ ಬಾಗಿಲಲ್ಲಿ. ಮೈಸೂರು ಯುದ್ಧಗಳಲ್ಲಿ ಮಡಿದ ಅವನಂಥವರ ನೆನಪಿಗೆ ಹಡ್ಸನ್ ವೃತ್ತದ ಬಳಿ ನಿಂತಿದ್ದ ಸ್ಮಾರಕ ಸ್ತಂಭವನ್ನು 1964ರಲ್ಲಿ ತೆಗೆದುಹಾಕಲಾಯಿತು.

ಮೋಸಗಳೂ ಇವೆ. ಗೇಟ್ ಎಂದಿದ್ದೆಲ್ಲ ಕೋಟೆಯ ಬಾಗಿಲಲ್ಲ. ರೈಲ್ವೆ ಗೇಟು, ಸುಂಕದ ಗೇಟುಗಳೂ ಹೆಸರು ಬಿಟ್ಟುಹೋಗಿವೆ, ಮಾಗಡಿ ರಸ್ತೆಯ ಟೋಲ್‌ಗೇಟ್ ಇದ್ದಂತೆ. ಕಿಲಾರಿ ರಸ್ತೆ ಎಂದ ಕೂಡಲೇ ಕಿಲ್ಲೆ ನೆನಪಾಗುವುದು ಸಹಜ, ಆದರೆ ಕಿಲಾರಿ ಎಂದರೆ ದನ ಮೇಯಿಸುವವ. ಕೋಟೆ ಆಂಜನೇಯ, ಕೋಟೆ ಜಲಕಂಠೇಶ್ವರ, ಕೋಟೆ ಪ್ರೌಢಶಾಲೆ, ಹಳೆ ಕೋಟೆ ರಸ್ತೆ, ಇವು ಗಟ್ಟಿ ಹೆಸರುಗಳು. ಆದರೂ ಅವು ಕೋಟೆಯ ಆವರಣವನ್ನೋ ಆಸುಪಾಸನ್ನೋ ಹೇಳುತ್ತವೆ, ಗೋಡೆ ಹಾದುಹೋದ ಗೆರೆಯನ್ನಲ್ಲ.

ನಡಿಗೆ

ಜೊತೆಗೆ ಇರಬೇಕಾದವು: 5 ಮೀಟರ್ ಸ್ಟೀಲ್ ಟೇಪು, 30 ಮೀಟರ್ ಬಟ್ಟೆ ಟೇಪು, 10 ಸೆಂಟಿಮೀಟರಿಗೊಮ್ಮೆ ಕಪ್ಪು ಬಿಳಿ ಬಳಿದ ಒಂದು ಮೀಟರ್ ಕೋಲು, 6 ಮೀಟರ್ ನೂಲು, ಪಟ್ಟಿ ಪುಸ್ತಕ, ಪೆನ್ಸಿಲ್. ಮಳೆಗೆ ಪೆನ್ನಿನ ಬರಹ ಹರಡುತ್ತದೆ.

ಹಸಿರು ಮಾರ್ಗದ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ದೆಹಲಿ ಬಾಗಿಲಿನಿಂದ ಶುರುಮಾಡಿ. ಅಲ್ಲಿಂದ ಕೆ.ಆರ್. ರಸ್ತೆ ಹಿಡಿದು ದಕ್ಷಿಣಕ್ಕೆ ವಾಣಿವಿಲಾಸ ಆಸ್ಪತ್ರೆ, ಟಿಪ್ಪು ಅರಮನೆ, ವೆಂಕಟರಮಣ ದೇವಸ್ಥಾನ, ಮಕ್ಕಳ ಕೂಟ. ಆಮೇಲೆ ಪೂರ್ವಕ್ಕೆ ತಿರುಗಿ ಕಲಾಸಿಪಾಳ್ಯ, ಜಲಕಂಠೇಶ್ವರನ ಗುಡಿ, ಮತ್ತೆ ಮಾರುಕಟ್ಟೆ. ಸುಮ್ಮನೆ ನಡೆದರೆ ಒಂದು ತಾಸು, ನೋಡುತ್ತ ನಡೆದರೆ ಒಂದು ಬೆಳಗ್ಗೆ ಸಾಲದು. ಆಸ್ಪತ್ರೆ, ಕಾಲೇಜು ಆವರಣಗಳಿಗೆ ಅನುಮತಿ ಪತ್ರ ಇಲ್ಲದೆ ಕ್ಯಾಮೆರಾ ಹಿಡಿದು ಹೋಗಬೇಡಿ. ಅಲ್ಲಿ ರೋಗಿಗಳಿರುತ್ತಾರೆ.

ಹೆಜ್ಜೆ ಹೆಜ್ಜೆಗೂ ನೆಲ ನೋಡಿ. ಅಗಳನ್ನು ಎಷ್ಟು ಚೆನ್ನಾಗಿ ಮುಚ್ಚಿದರೂ ತುಂಬಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಜೋರು ಮಳೆಯಾದ ಅರ್ಧ ತಾಸಿನ ಮೇಲೆ ನಕ್ಷೆಯಲ್ಲಿ ಗುರುತಿಸಿದ ಆ 50 ಮೀಟರ್ ಪಟ್ಟಿಯ ಉದ್ದಕ್ಕೂ ನಡೆದು, ನೀರು ನಿಂತ ಜಾಗಗಳನ್ನು ಗುರುತು ಹಾಕಿ. ಒಂದು ಕಡೆ ನಿಂತರೆ ಅದು ಕಟ್ಟಿಕೊಂಡ ಚರಂಡಿ. ಮೂರು ನಾಲ್ಕು ಕಡೆ ಬಾಗಿದ ಒಂದೇ ಸಾಲಿನಲ್ಲಿ ನಿಂತರೆ ನಕ್ಷೆಯ ಅಗಳಿನ ಜೊತೆ ತಾಳೆ ನೋಡಿ. ಕಾಂಪೌಂಡು ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಇಳಿದ ಓರೆ ಬಿರುಕುಗಳನ್ನೂ ನೋಡಿ. ಒಂದು ಕಾಲು ಗಟ್ಟಿ ನೆಲದಲ್ಲಿ, ಇನ್ನೊಂದು ತುಂಬಿದ ನೆಲದಲ್ಲಿ ಇದ್ದರೆ ಗೋಡೆ ಹಾಗೆ ಸೀಳುತ್ತದೆ.

ನೀರು ಅಥವಾ ವಿದ್ಯುತ್ ಕೇಬಲ್ಲಿಗೆ ರಸ್ತೆ ಅಗೆದಿದ್ದರೆ ಅದೃಷ್ಟ. ಬ್ಯಾರಿಕೇಡಿನ ಹೊರಗೆ ನಿಂತೇ ಗುಂಡಿಯ ಪಕ್ಕೆಯ ಚಿತ್ರ ತೆಗೆಯಿರಿ. ಇಲ್ಲಿನ ಮೂಲ ನೆಲ ಕೆಮ್ಮಣ್ಣು. ಅದರೊಳಕ್ಕೆ ಬಟ್ಟಲಿನಂತೆ ಇಳಿದ ಬೂದುಗಪ್ಪು ಹೂಳು, ಅದರಲ್ಲಿ ಮಡಕೆ ಚೂರು, ಮೇಲೆ ಕಲ್ಲುಪುಡಿ ತುಂಬಿದ ಪದರ, ಇದು ಮುಚ್ಚಿದ ಅಗಳಿನ ಲಕ್ಷಣ. ಆದರೆ ಒಳಚರಂಡಿ ಸೋರಿದ ಕಡೆಯೂ ಮಣ್ಣು ಕಪ್ಪಗಾಗುತ್ತದೆ. ವಾಸನೆ ಹೇಳಿಬಿಡುತ್ತದೆ. ಹೂಳಿನ ಅಂಚು ಕೆಮ್ಮಣ್ಣಿನಿಂದ ಗೆರೆ ಕೊರೆದಂತೆ ಬೇರೆಯಾಗಿರುತ್ತದೆ, ಸೋರಿಕೆಯ ಕಪ್ಪು ಮಸಿಯಂತೆ ಹರಡಿಕೊಂಡಿರುತ್ತದೆ.

ಕಲ್ಲನ್ನು ಓದುವುದು

ಬೆಂಗಳೂರಿನಲ್ಲಿ ಹಳೆಯ ಕಾಂಪೌಂಡುಗಳೆಲ್ಲ ಸೈಜುಗಲ್ಲಿನವೇ. ಕಲ್ಲು ದೊಡ್ಡದಿದೆ, ಕಪ್ಪಗಿದೆ ಎಂಬ ಕಾರಣಕ್ಕೆ ಅದು ಕೋಟೆಯದಾಗುವುದಿಲ್ಲ. ಹತ್ತಿರ ಹೋಗಿ ಕಲ್ಲಿನ ಅಂಚನ್ನು ನೋಡಿ. ಹಿಂದಿನ ಕಲ್ಲುಕುಟಿಗರು ಬಂಡೆ ಸೀಳಲು ಉಳಿಯಿಂದ ಉದ್ದುದ್ದ ಕುಳಿಗಳನ್ನು ಸಾಲಾಗಿ ತೋಡಿ, ಅದರಲ್ಲಿ ಆಪು (ಬೆಣೆ) ಬಡಿಯುತ್ತಿದ್ದರು. ಸೀಳಿದ ಕಲ್ಲಿನ ಅಂಚಿನಲ್ಲಿ ಹಲ್ಲು ಕಿತ್ತ ದವಡೆಯ ಹಾಗೆ ಚೌಕನೆಯ ಅರ್ಧ ಕುಳಿಗಳು ಉಳಿಯುತ್ತವೆ. ಡ್ರಿಲ್ ಬಂದ ಮೇಲಿನ ಕಲ್ಲಿನಲ್ಲಿ ಇರುವುದು ಎರಡು ಮೂರು ಸೆಂಟಿಮೀಟರ್ ಅಗಲದ ದುಂಡನೆಯ, ಕೊಳವೆಯನ್ನು ಉದ್ದಕ್ಕೆ ಸೀಳಿದಂಥ ಗೀರುಗಳು. ದುಂಡು ಗೀರು ಕಂಡರೆ ಆ ಕಲ್ಲನ್ನು ಪಟ್ಟಿಯಿಂದ ತೆಗೆಯಿರಿ. ಚೌಕ ಕುಳಿ ಕಂಡರೆ ಇದು ಹಳೆಯ ಪದ್ಧತಿಯ ಕಲ್ಲು ಎನ್ನಬಹುದು, ಅಷ್ಟೇ. ಆ ಪದ್ಧತಿ ಕೋಟೆ ಹೋದ ಮೇಲೂ ಬಹುಕಾಲ ನಡೆದಿತ್ತು.

ಗಾರೆ ಎರಡನೇ ಸಾಕ್ಷಿ. ಸುಣ್ಣದ ಗಾರೆ ಕೆನೆ ಬಿಳುಪು, ಒಳಗೆ ಬೇಯದ ಸುಣ್ಣದ ಕಾಳುಗಳು ಕಾಣುತ್ತವೆ. ಇಟ್ಟಿಗೆ ಪುಡಿ ಸೇರಿದ್ದರೆ ನಸುಗೆಂಪು. ಸಿಮೆಂಟು ಬೂದು, ಗಟ್ಟಿ, ಕಲ್ಲಿನ ಮೇಲೆ ಉಬ್ಬಿದ ಗೆರೆಯಾಗಿ ಬಳಿದಿರುತ್ತದೆ. ವಿನಿಗರ್ ಹನಿಸಿ ನೊರೆ ಬಂದರೆ ಸುಣ್ಣ ಎಂಬ ಪರೀಕ್ಷೆ ಚಾಲ್ತಿಯಲ್ಲಿದೆ. ಹಳೆಯ ಸಿಮೆಂಟಿಗೂ ನೊರೆ ಬರುತ್ತದೆ, ಆದ್ದರಿಂದ ಅದರಿಂದ ಏನೂ ಸಾಬೀತಾಗುವುದಿಲ್ಲ. ಸ್ಮಾರಕದ ಮೇಲಂತೂ ಏನನ್ನೂ ಹನಿಸಬೇಡಿ, ಕೆರೆಯಬೇಡಿ. ದುರಸ್ತಿಯಲ್ಲಿ ಹಳೆಯ ಗೋಡೆಗೆ ಸಿಮೆಂಟು ಮೆತ್ತಿರುವುದೂ ಉಂಟು. ಹೊರಗೆ ಸಿಮೆಂಟು ಕಂಡ ಮಾತ್ರಕ್ಕೆ ಗೋಡೆ ಹೊಸದು ಎನ್ನದೆ ಸಂದಿಯ ಒಳಭಾಗ ಕಾಣುವ ಕಡೆ ನೋಡಿ.

ಮೂರನೆಯದು ಗೋಡೆಯ ಓರೆ. ಕೋಟೆ ಗೋಡೆ ಮೇಲಕ್ಕೆ ಹೋದಂತೆ ಒಳಕ್ಕೆ ವಾಲಿರುತ್ತದೆ, ಬೆನ್ನಿಗಿರುವ ಮಣ್ಣಿನ ಭಾರ ತಡೆಯಬೇಕಲ್ಲ. ನೂಲಿಗೆ ಒಂದು ಕಲ್ಲು ಕಟ್ಟಿ ತೂಗುಬಿಟ್ಟು, ಒಂದು ಮೀಟರ್ ಎತ್ತರಕ್ಕೆ ಎಷ್ಟು ಸೆಂಟಿಮೀಟರ್ ಒಳಕ್ಕೆ ಸರಿದಿದೆ ಎಂದು ಅಳೆಯಿರಿ. ದೆಹಲಿ ಬಾಗಿಲ ಗೋಡೆಯಲ್ಲಿ ಬಂದ ಅಳತೆಯನ್ನು ಮೊದಲು ಬರೆದಿಟ್ಟುಕೊಂಡು, ಉಳಿದ ಕಡೆ ಸಿಕ್ಕಿದ್ದನ್ನು ಅದಕ್ಕೆ ಹೋಲಿಸಿ. ಕಲ್ಲಿನ ಸಾಲಿನ ಎತ್ತರವನ್ನೂ ಹೀಗೇ ಹೋಲಿಸಿ.

ನಾಲ್ಕನೆಯದು ಬಾಗು. ಹಳೆಯ ಗೋಡೆಯೋ ಕಟ್ಟಡದ ಅಡಿಪಾಯವೋ ಕಮಾನಿನಂತೆ ಬಾಗಿದ್ದರೆ ಅದು ಕೊತ್ತಲದ ಬುಡವಿರಬಹುದು. ಬಾಗಿನ ಎರಡು ತುದಿಗೆ 6 ಮೀಟರ್ ನೂಲು ಬಿಗಿಹಿಡಿದು, ನಡುಮಧ್ಯದಲ್ಲಿ ನೂಲಿಗೂ ಗೋಡೆಗೂ ಇರುವ ಅಂತರ ಅಳೆಯಿರಿ. ನೂಲಿನ ಉದ್ದದ ವರ್ಗವನ್ನು ಅಂತರದ ಎಂಟರಷ್ಟರಿಂದ ಭಾಗಿಸಿ, ಅದಕ್ಕೆ ಅಂತರದ ಅರ್ಧ ಕೂಡಿಸಿದರೆ ತ್ರಿಜ್ಯ ಸಿಗುತ್ತದೆ. ಅಂತರ 50 ಸೆಂಟಿಮೀಟರ್ ಬಂದರೆ 36 ಭಾಗಿಸು 4, ಅಂದರೆ 9, ಜೊತೆಗೆ 0.25, ತ್ರಿಜ್ಯ 9.25 ಮೀಟರ್. ಇದು ನಕ್ಷೆಯಲ್ಲಿ ಅದೇ ಜಾಗದ ಕೊತ್ತಲಕ್ಕೆ ಹತ್ತಿರವಿದ್ದರೆ ಗಮನ ಕೊಡಿ. ತ್ರಿಜ್ಯ ಎರಡು ಮೂರು ಮೀಟರ್ ಬಂದರೆ ಅದು ಗಾಡಿ ತಿರುಗಿಸಲು ದುಂಡಗೆ ಮಾಡಿದ ಕಾಂಪೌಂಡಿನ ಮೂಲೆ.

ಫೋಟೋಗೆ ಓರೆ ಬೆಳಕು ಬೇಕು. ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಬೆಂಗಳೂರಿನಲ್ಲಿ ಚಳಿಗಾಲವಿಡೀ ನೇರ ಬಿಸಿಲು ಬೀಳುವುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಬಿಸಿಲು ಅದನ್ನು ಸವರಿಕೊಂಡು ಹೋಗುತ್ತದೆ. ಉಳಿಯ ಗುರುತು, ಕಂಡಿ ಮುಚ್ಚಿದಾಗ ಬದಲಾದ ಕಲ್ಲಿನ ಸಾಲು ಆಗ ಎದ್ದು ಕಾಣುತ್ತವೆ. ಮೇ ತಿಂಗಳ ಬೆಳಗು ಎಲ್ಲಕ್ಕಿಂತ ಒಳ್ಳೆಯದು.

ಮದ್ದಿನ ಮನೆ, ಗುಂಡು, ಫಿರಂಗಿ

ಕಲಾಸಿಪಾಳ್ಯದ ಕಡೆ ಟಿಪ್ಪು ಕಾಲದ ಮದ್ದಿನ ಮನೆಯೊಂದು ಉಳಿದಿದೆ. ಇಂಥ ಕಟ್ಟಡದ ಗುರುತು ಸುಲಭ: ಗಾತ್ರಕ್ಕೆ ಮೀರಿದ ದಪ್ಪ ಗೋಡೆ, ಕಿಟಕಿಯ ಬಡತನ, ತಗ್ಗು. ಕಿಡಿಯೂ ತೇವವೂ ಒಳಗೆ ಹೋಗಬಾರದು ಎಂಬುದಕ್ಕೆ ಈ ರೂಪ. ಶ್ರೀರಂಗಪಟ್ಟಣದ ಅಂಥದೇ ಒಂದನ್ನು 2017ರಲ್ಲಿ ಜೋಡಿ ರೈಲು ಹಳಿಗಾಗಿ ಇಡಿಯಾಗಿ ಎತ್ತಿ ಸರಿಸಿದರು. ಹಾಗಾಗಿ ಕಟ್ಟಡ ಹಳೆಯದಾದರೆ ಜಾಗವೂ ಹಳೆಯದೇ ಎಂದು ಎಲ್ಲ ಕಡೆ ಹೇಳಲಾಗದು.

2012ರಲ್ಲಿ ಮಾರುಕಟ್ಟೆಯ ಬಳಿ ಮೆಟ್ರೋ ಅಗೆಯುವಾಗ ಸುಮಾರು ಒಂದೊಂದು ಟನ್ ತೂಕದ ಎರಡು ಫಿರಂಗಿಗಳು ಸಿಕ್ಕವು. ಗುಂಡುಗಳೂ ಸಿಗಬಹುದು. ಕಬ್ಬಿಣದ ಗುಂಡಿನ ವ್ಯಾಸ ಅಳೆಯುವುದು ಕಷ್ಟ, ಸುತ್ತಳತೆ ಅಳೆಯಿರಿ. 12 ಪೌಂಡಿನ ಗುಂಡಿಗೆ ಸುಮಾರು 35 ಸೆಂಟಿಮೀಟರ್, 18ರದ್ದಕ್ಕೆ 40, 24ರದ್ದಕ್ಕೆ 44. ತೂಕ ಕ್ರಮವಾಗಿ ಸುಮಾರು 5.4, 8.2, 10.9 ಕಿಲೋ. ಹೊಚ್ಚ ನುಣುಪಾಗಿ 7.26 ಕಿಲೋ ತೂಗಿದರೆ ಅದು ಯಾವುದೋ ಶಾಲೆಯ ಗುಂಡೆಸೆತದ ಗುಂಡು. ಗುಂಡಿನಲ್ಲಿ ಬತ್ತಿ ಇಡುವ ತೂತು ಕಂಡರೆ ಅದು ಟೊಳ್ಳು, ಒಳಗೆ ಮದ್ದು ಇರಬಹುದು. ಮುಟ್ಟದೆ, ಅಳೆಯದೆ ದೂರ ಸರಿದು 112ಕ್ಕೆ ಕರೆ ಮಾಡಿ.

ಅಗೆಯುವುದು, ಲೋಹಶೋಧಕ ಹಿಡಿದು ತಿರುಗುವುದು ಬೇಡ. ದೆಹಲಿ ಬಾಗಿಲು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಜಾರಿಯಲ್ಲಿದೆ: ನೆಲದಲ್ಲಿ ಹುದುಗಿದ್ದ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ನಿಮ್ಮದೇ ಸೈಟಿನ ಪಾಯದಲ್ಲಿ ಸಿಕ್ಕರೂ ಅಷ್ಟೇ.

ಬರೆದಿಡುವುದು

ಒಂದೊಂದು ಕುರುಹಿಗೆ ಒಂದೊಂದು ಹಾಳೆ. ಸಂಖ್ಯೆ, ದಿನಾಂಕ, ಅಕ್ಷಾಂಶ ರೇಖಾಂಶ (ದಶಮಾಂಶದ ಐದು ಸ್ಥಾನ ಸಾಕು, ಅಷ್ಟಕ್ಕೇ ಒಂದು ಮೀಟರ್ ಬರುತ್ತದೆ), ಅಳತೆ, ನಾಲ್ಕು ಚಿತ್ರ: ದೂರದಿಂದ ಒಂದು, ಕೋಲು ನಿಲ್ಲಿಸಿ ಎದುರಿನಿಂದ ಒಂದು, ಕಲ್ಲಿನ ಅಂಚು ಒಂದು, ಗಾರೆ ಒಂದು. ಪೇಟೆಯ ಇಕ್ಕಟ್ಟಿನಲ್ಲಿ ಫೋನಿನ ಜಿಪಿಎಸ್ ಹತ್ತು ಮೀಟರ್ ಅತ್ತಿತ್ತ ಹಾರುತ್ತದೆ. ಅದರ ಜೊತೆಗೆ, ಎರಡು ಕಟ್ಟಡದ ಮೂಲೆಗಳಿಂದ ಟೇಪಿನಲ್ಲಿ ದೂರ ಅಳೆದು ಬರೆಯಿರಿ.

ಕೊನೆಗೆ ದರ್ಜೆ. ನಕ್ಷೆ, ಕಲ್ಲು, ಗಾರೆ ಮೂರೂ ಒಪ್ಪಿದರೆ ಅ. ಎರಡು ಒಪ್ಪಿದರೆ ಆ. ಒಂದೇ ಇದ್ದರೆ ಇ. ಬರೀ ಮಾತಿನಲ್ಲಿ ಉಳಿದದ್ದು ಈ. ಕೋಟೆ ವೆಂಕಟರಮಣನ ಗುಡಿಯ ಮುಂದಿನ ಕಂಬಕ್ಕೆ ಮುತ್ತಿಗೆಯಲ್ಲಿ ಗುಂಡು ತಗುಲಿತೆಂಬ ಪ್ರತೀತಿ ಇದೆ. ಎಷ್ಟೇ ಚೆಂದದ ಕತೆಯಾದರೂ ಅದರ ಜಾಗ ‘ಈ’ ದರ್ಜೆಯಲ್ಲೇ. ಹೀಗೆ ತುಂಬಿದ ಹಾಳೆಗಳಲ್ಲಿ ಮುಕ್ಕಾಲು ಪಾಲು ಇ ಮತ್ತು ಈ ಬಂದರೆ ಕೆಲಸ ಸರಿಯಾಗಿದೆ ಎಂದರ್ಥ. ಎಲ್ಲವೂ ಅ ಬಂದಿದ್ದರೆ ಟೇಪು ಹಿಡಿದು ಮತ್ತೆ ಹೋಗಿ. ಅ ದರ್ಜೆಯದು ಸಂರಕ್ಷಿತ ಪಟ್ಟಿಯಲ್ಲಿ ಇಲ್ಲದಿದ್ದರೆ ಹಾಳೆಯ ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೂ, ನೃಪತುಂಗ ರಸ್ತೆಯ ಇತಿಹಾಸ ಅಧ್ಯಯನ ಸಂಸ್ಥೆ ಮಿಥಿಕ್ ಸೊಸೈಟಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದಿನ ಮಳೆಗಾಲ ಮುಗಿದ ಮೇಲೆ ಅದೇ ಕೋನದಿಂದ ಮತ್ತೊಂದು ಚಿತ್ರ ತೆಗೆದು ಅದೇ ಹಾಳೆಗೆ ಅಂಟಿಸಿ.